ಟರ್ಕಿ ಕೋಳಿ, ಕಡಲೆಕಾಯಿ ಹಿಂಡಿ ಮತ್ತು ಒಂದು ಚಿಟಿಕೆ ಅರಿಶಿನ

ಹುರಿದ ಕಡಲೆಕಾಯಿ ತಿನ್ನುತ್ತಾ ಹರಟೆ ಹೊಡೀತಾ ಕೂತಿರ್ತೀವಿ. ಹತ್ತೋ ಹದಿನೈದೋ ಬೀಜ ಆದಮೇಲೆ ಒಂದು ಬರುತ್ತೆ ನೋಡಿ, ಕಚ್ಚಿದ ತಕ್ಷಣ ಮುಖ ಕಿವುಚಿಕೊಳ್ಳುವಂಥದ್ದು! ಕಹಿ, ಕಮಟು, ಒಂಥರಾ ಮಣ್ಣು ವಾಸನೆ. ಥೂ ಅಂತ ಉಗಿದು, ಆ ರುಚಿ ಹೋಗಲಿ ಅಂತ ನಾಲ್ಕು ಒಳ್ಳೆ ಬೀಜ ಒಟ್ಟಿಗೇ ಬಾಯಿಗೆ ಹಾಕ್ಕೋತೀವಿ. ಅಲ್ಲಿಗೆ ಮುಗೀತು.

ನಮ್ಮಜ್ಜಿ ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಾ ಕೂತಿರೋಳು. ದುಂಡಗಿನ ಗುಲಾಬಿ ಬೀಜ ಒಂದು ಕಡೆ. ಮುದುಡಿದ್ದು, ಕಪ್ಪಾದದ್ದು, ಹಸಿರು ಬೂಸ್ಟು ಹತ್ತಿದ್ದು ಇನ್ನೊಂದು ಕಡೆ. ಆ ಎರಡನೇ ಗುಡ್ಡೆ ಎಲ್ಲಿಗೆ ಹೋಗ್ತಿತ್ತು ಅಂದ್ರೆ ಸೀದಾ ಹಸುವಿನ ಕಲಗಚ್ಚಿಗೆ. "ಅದಕ್ಕೇನಾಗಲ್ಲ ಬಿಡು ಮಗಾ, ದನ ಅಲ್ವಾ" ಅನ್ನೋಳು. ಒಂದು ಮಳೆಗಾಲ ಮೂಟೆಯಲ್ಲಿದ್ದ ಹಿಂಡಿಗೆ ತೇವ ಹಿಡಿದು ಗಟ್ಟಿಯಾಗಿತ್ತು. ಹಸು ಬಾನಿಗೆ ಮೂತಿ ಇಟ್ಟು, ಮೂಸಿ, ತಿರುಗಿಸಿಕೊಂಡುಬಿಡ್ತು. ಅಜ್ಜಿ ಒಂದು ಉಂಡೆ ಬೆಲ್ಲ ಕದಡಿದಳು. ಆಮೇಲೆ ಕುಡೀತು.

ಈ ಬೆಲ್ಲದ ವಿಷಯ ನನಗೆ ಮರೆತೇ ಹೋಗಿತ್ತು. ಇತ್ತೀಚೆಗೆ ಬೂಸ್ಟಿನ ವಿಷಗಳ ಚರಿತ್ರೆ ಓದುತ್ತಾ ಕೂತಾಗ ನೆನಪಾಯ್ತು. ಆ ಚರಿತ್ರೆಯನ್ನೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

*

1960ರ ಇಂಗ್ಲೆಂಡು. ಕ್ರಿಸ್‌ಮಸ್ ಊಟಕ್ಕೆ ಅಂತ ಅಲ್ಲಿ ಟರ್ಕಿ ಕೋಳಿ ಸಾಕೋದು ದೊಡ್ಡ ವ್ಯಾಪಾರ. ಆ ವರ್ಷ ಬೇಸಿಗೆಯ ಹೊತ್ತಿಗೆ ಫಾರಂಗಳಲ್ಲಿ ಟರ್ಕಿ ಮರಿಗಳು ಇದ್ದಕ್ಕಿದ್ದ ಹಾಗೆ ಸಾಯತೊಡಗಿದವು. ಮೊದಲು ಮೇವು ಬಿಡುತ್ತವೆ, ರೆಕ್ಕೆ ಜೋಲು ಬೀಳುತ್ತೆ, ಮಂಕಾಗಿ ಮೂಲೆಯಲ್ಲಿ ಕೂರುತ್ತವೆ. ಆಮೇಲೆ ಕತ್ತು ಹಿಂದಕ್ಕೆ ಬಾಗಿ, ಕಾಲು ಚಾಚಿ ಪ್ರಾಣ ಬಿಡುತ್ತವೆ. ಕೊಯ್ದು ನೋಡಿದರೆ ಲಿವರ್ ಪೂರ್ತಿ ಹಾಳಾಗಿರುತ್ತಿತ್ತು, ರಕ್ತ ಕಟ್ಟಿರುತ್ತಿತ್ತು. ಕೆಲವೇ ತಿಂಗಳಲ್ಲಿ ಸತ್ತ ಟರ್ಕಿಗಳ ಲೆಕ್ಕ 1,00,000 ದಾಟಿತು.

ವೈರಸ್ಸೇ ಇರಬೇಕು ಅಂತ ಎಲ್ಲರೂ ಅಂದುಕೊಂಡರು. ಸೋಂಕು ಹುಡುಕಿದರು, ಸಿಗಲಿಲ್ಲ. ಒಂದು ಕೋಳಿಯಿಂದ ಇನ್ನೊಂದಕ್ಕೆ ಹರಡೋ ಲಕ್ಷಣವೂ ಕಾಣಲಿಲ್ಲ. ಏನಂತ ಗೊತ್ತಿಲ್ಲದ ರೋಗಕ್ಕೆ ಏನು ಹೆಸರಿಡೋದು? "ಟರ್ಕಿ ಎಕ್ಸ್ ರೋಗ" ಅಂತ ಕರೆದರು. ಬೀಜಗಣಿತದ ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ಎಕ್ಸ್ ಅಂತೀವಲ್ಲ, ಹಾಗೆ. ಆಮೇಲೆ ಬಾತುಕೋಳಿ ಮರಿಗಳೂ ಫೆಸೆಂಟ್ ಹಕ್ಕಿ ಮರಿಗಳೂ ಸಾಯತೊಡಗಿದವು.

ಸುಳಿವು ಸಿಕ್ಕಿದ್ದು ನಕ್ಷೆಯಲ್ಲಿ. ಹೆಚ್ಚಿನ ಸಾವುಗಳು ಲಂಡನ್ನಿನಿಂದ ಸುಮಾರು ನೂರು ಮೈಲಿಯ ಒಳಗೇ ಆಗಿದ್ದವು. ರೋಗ ಗಾಳಿಯಲ್ಲಿ ಬರ್ತಿಲ್ಲ, ಲಾರಿಯಲ್ಲಿ ಬರ್ತಿದೆ! ಸತ್ತ ಕೋಳಿಗಳಿಗೆ ಹಾಕಿದ್ದ ಮೇವಿನ ಜಾಡು ಹಿಡಿದು ಹೋದರೆ ಅದು ಮುಟ್ಟಿದ್ದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಗೆ. ಆ ಹಿಂಡಿ ಬಂದ ಹಡಗಿನ ಹೆಸರು ರೊಸೆಟ್ಟಿ. ಹಾಗಾಗಿ ವಿಜ್ಞಾನಿಗಳು ಅದನ್ನು "ರೊಸೆಟ್ಟಿ ಹಿಂಡಿ" ಅಂತಲೇ ಕರೆಯತೊಡಗಿದರು. ಅತ್ತ ಪೂರ್ವ ಆಫ್ರಿಕಾದ ಕಡಲೆಕಾಯಿ ಹಿಂಡಿಯಲ್ಲೂ ಇದೇ ಕಥೆ. ಒಂದು ದೇಶದ, ಒಂದು ಹಡಗಿನ ತಪ್ಪಲ್ಲ ಅನ್ನೋದು ಗೊತ್ತಾಯ್ತು.

1961ರಲ್ಲಿ ಆ ಹಿಂಡಿಯಿಂದ ಒಂದು ಬೂಸ್ಟನ್ನು ಬೇರ್ಪಡಿಸಿದರು: ಆಸ್ಪರ್ಜಿಲಸ್ ಫ್ಲೇವಸ್. ಹಳದಿ ಮಿಶ್ರಿತ ಹಸಿರು ಬಣ್ಣದ್ದು. ನಮ್ಮ ಅಟ್ಟದ ಮೇಲಿನ ಒದ್ದೆ ಮೂಟೆಯಲ್ಲಿ ಬೆಳೆಯುತ್ತಲ್ಲ, ಅದರ ಜಾತಿಯದೇ. ಅದು ಹೊರಹಾಕೋ ವಿಷಕ್ಕೆ 1962ರಲ್ಲಿ ಹೆಸರಿಟ್ಟರು. ಆಸ್ಪರ್ಜಿಲಸ್‌ನ "ಅ", ಫ್ಲೇವಸ್‌ನ "ಫ್ಲ", ಅದರ ಮುಂದೆ ಟಾಕ್ಸಿನ್: ಅಫ್ಲಟಾಕ್ಸಿನ್. ನೇರಳಾತೀತ ಬೆಳಕಿನಲ್ಲಿ ಇಟ್ಟರೆ ಕೆಲವು ನೀಲಿಯಾಗಿ ಹೊಳೆದವು, ಕೆಲವು ಹಸಿರಾಗಿ. ಇಂಗ್ಲಿಷಿನ ಬಣ್ಣದ ಹೆಸರಿನ ಮೊದಲ ಅಕ್ಷರ ಹಿಡಿದು ಬಿ1, ಬಿ2, ಜಿ1, ಜಿ2 ಅಂತ ಹೆಸರಾಯ್ತು. ಇವುಗಳಲ್ಲಿ ಮಹಾ ಕೇಡಿಗ ಬಿ1.

ಎಷ್ಟು ಕೇಡಿಗ? ಆಗ ವಿಷ ಅಳೆಯೋಕೆ ಬಳಸುತ್ತಿದ್ದದ್ದು ಒಂದು ದಿನದ ಬಾತುಕೋಳಿ ಮರಿಗಳನ್ನು. 50 ಗ್ರಾಂ ತೂಗುವ ಮರಿಗಳಿಗೆ ತಲಾ ಸುಮಾರು 18 ಮೈಕ್ರೋಗ್ರಾಂ ಕೊಟ್ಟರೆ ಅರ್ಧದಷ್ಟು ಸಾಯುತ್ತವೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಹದಿನೆಂಟು ಪಾಲು! ಅದಕ್ಕಿಂತ ಕಡಿಮೆ ಕೊಟ್ಟರೆ ಸಾಯಲ್ಲ, ಆದರೆ ಪಿತ್ತನಾಳದ ಜೀವಕೋಶಗಳು ಒಂದೇ ಸಮನೆ ಬೆಳೆಯತೊಡಗುತ್ತವೆ. 1961ರಲ್ಲೇ ಇನ್ನೊಂದು ಕೆಟ್ಟ ಸುದ್ದಿ ಬಂತು. ಈ ಹಿಂಡಿ ತಿಂದ ಇಲಿಗಳಿಗೆ ಲಿವರ್ ಕ್ಯಾನ್ಸರ್ ಆಗಿತ್ತು. ಅಮೆರಿಕದ ಮೀನು ಸಾಕಣೆ ಕೊಳಗಳಲ್ಲಿ ಟ್ರೌಟ್ ಮೀನುಗಳಿಗೆ ಬಂದಿದ್ದ ಲಿವರ್ ಗೆಡ್ಡೆಗಳಿಗೂ ಬೂಸ್ಟು ಹಿಡಿದ ಹತ್ತಿಬೀಜದ ಹಿಂಡಿಯೇ ಕಾರಣ ಅನ್ನೋದು ಬೆಳಕಿಗೆ ಬಂತು.

1963ರಲ್ಲಿ ಆಲ್‌ಕ್ರಾಫ್ಟ್ ಮತ್ತು ಕಾರ್ನಗನ್ ಅನ್ನೋ ಇಬ್ಬರು ಇನ್ನೊಂದು ಪ್ರಯೋಗ ಮಾಡಿದರು. ವಿಷದ ಹಿಂಡಿಯನ್ನು ಹಸುಗಳಿಗೆ ತಿನ್ನಿಸಿ, ಆ ಹಸುಗಳ ಹಾಲನ್ನು ಬಾತುಕೋಳಿ ಮರಿಗಳಿಗೆ ಕೊಟ್ಟರು. ಮರಿಗಳ ಲಿವರ್‌ನಲ್ಲಿ ಅದೇ ಗುರುತು! ಹಸು ಗಟ್ಟಿಮುಟ್ಟಾಗಿ ನಿಂತಿತ್ತು, ವಿಷ ಹಾಲಿಗೆ ಇಳಿದಿತ್ತು. ಹಾಲಿನಲ್ಲಿ ಬರೋ ಈ ರೂಪಕ್ಕೆ ಎಂ1 ಅಂತ ಹೆಸರು. ಕಾಯಿಸಿದರೆ ಹೋಗಲ್ಲ. ಮೊಸರು ಮಾಡಿದರೂ ಇರುತ್ತೆ.

ಇದನ್ನು ಓದಿದಾಗಲೇ ನನಗೆ ಅಜ್ಜಿಯ ಬೆಲ್ಲ ನೆನಪಾದದ್ದು.

*

ಇನ್ನು ನಮ್ಮ ಮೈಸೂರಿಗೆ ಬರೋಣ. ಇಂಗ್ಲೆಂಡಿನ ಕಥೆ ಎಲ್ಲ ಕಡೆ ಸಿಗುತ್ತೆ, ಮೈಸೂರಿನದು ಅಷ್ಟಾಗಿ ಯಾರೂ ಹೇಳಲ್ಲ.

1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. ಕಾರಣ ಹುಡುಕಿದರೆ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿ, ಅದರಲ್ಲಿ ಅಫ್ಲಟಾಕ್ಸಿನ್. ಭಾರತದ ಕೋಳಿಗಳಲ್ಲಿ ಈ ವಿಷ ದಾಖಲಾದ ಮೊದಮೊದಲ ಪ್ರಕರಣಗಳಲ್ಲಿ ಇದೊಂದು. ಚಳ್ಳಕೆರೆ, ಪಾವಗಡದ ಕಡೆಯವರಿಗೆ ಕಡಲೆಕಾಯಿ ಅಂದ್ರೆ ಏನು ಅಂತ ನಾನು ಹೇಳಬೇಕಿಲ್ಲ. ಎಣ್ಣೆ ನಮಗೆ, ಹಿಂಡಿ ದನಕ್ಕೆ, ಹೊಟ್ಟು ಒಲೆಗೆ. ಯಾವುದೂ ದಂಡ ಆಗೋ ಹಾಗಿಲ್ಲ.

ಆದರೆ ಆಗ ಮೈಸೂರಿನ ಸಿಎಫ್‌ಟಿಆರ್‌ಐಗೆ ಇದು ಬರೀ ಕೋಳಿಗಳ ಪ್ರಶ್ನೆ ಆಗಿರಲಿಲ್ಲ. 1950ರಲ್ಲಿ ಶುರುವಾದ ಆ ಸಂಸ್ಥೆ ಬಡಮಕ್ಕಳ ಅಪೌಷ್ಟಿಕತೆಗೆ ಪರಿಹಾರವಾಗಿ "ಇಂಡಿಯನ್ ಮಲ್ಟಿಪರ್ಪಸ್ ಫುಡ್" ಅನ್ನೋ ಹಿಟ್ಟು ತಯಾರಿಸಿತ್ತು. ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು, ಜೊತೆಗೆ ವಿಟಮಿನ್ನುಗಳು. ಹಾಲು ಕೊಳ್ಳೋಕೆ ಆಗದ ದೇಶಕ್ಕೆ ಕಡಲೆಕಾಯಿಯಿಂದ ಪ್ರೋಟೀನು ಕೊಡೋ ಕನಸು ಅದು. ಅಂಥಾ ಹೊತ್ತಿನಲ್ಲಿ ಕಡಲೆಕಾಯಿಯೇ ಅನುಮಾನಕ್ಕೆ ಬಿತ್ತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೂತು ಒಂದು ಮಿತಿ ಹಾಕಿದವು: 30 ಪಿಪಿಬಿ. ನೂರು ಕೋಟಿ ಪಾಲಿನಲ್ಲಿ ಮೂವತ್ತು ಪಾಲು. ಹಸಿದ ಮಕ್ಕಳಿಗೆ ಪ್ರೋಟೀನೂ ಬೇಕು, ವಿಷವೂ ಕಡಿಮೆ ಇರಬೇಕು. ಎರಡನ್ನೂ ತೂಗಿ ಮಾಡಿಕೊಂಡ ರಾಜಿ ಅದು.

ಮೈಸೂರಿನ ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಶ್ರೀನಿವಾಸಮೂರ್ತಿ, ಪಾರ್ಪಿಯಾ ಮತ್ತು ಸಂಗಡಿಗರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಹಿಂಡಿಯಲ್ಲಿನ ಅಫ್ಲಟಾಕ್ಸಿನ್ ನಾಶ ಮಾಡೋ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. ಇಲ್ಲೊಂದು ತಮಾಷೆ ಇದೆ, ನೆನಪಿಟ್ಟುಕೊಳ್ಳಿ. ಪೆರಾಕ್ಸೈಡ್ ಒಂದು ಆಕ್ಸಿಡೆಂಟ್, ಅಂದ್ರೆ ಉತ್ಕರ್ಷಕ. ಮೇವಿನಲ್ಲಿರುವ ವಿಷವನ್ನು ಕೊಲ್ಲೋಕೆ ಆಕ್ಸಿಡೆಂಟ್ ಬೇಕು. ಅದೇ ವಿಷ ಹೊಟ್ಟೆಗೆ ಹೋದಮೇಲೆ ಕಾಪಾಡೋಕೆ ಆಂಟಿ-ಆಕ್ಸಿಡೆಂಟ್ ಬೇಕು! ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ.

1971ರಲ್ಲಿ ಮೈಸೂರಿನಿಂದಲೇ ಒಂದು ವರದಿ ಬಂತು. ಓದುವಾಗ ಕೈ ನಡುಗುತ್ತೆ. ಕ್ವಾಶಿಯೋರ್ಕರ್, ಅಂದ್ರೆ ಪ್ರೋಟೀನ್ ಕೊರತೆಯಿಂದ ಊದಿಕೊಂಡ ಮಕ್ಕಳಿಗೆ ಶಕ್ತಿ ಬರಲಿ ಅಂತ ಕಡಲೆಕಾಯಿ ಹಿಟ್ಟು ಕೊಟ್ಟಿದ್ದರು. ಅದರಲ್ಲಿ ಸುಮಾರು 300 ಪಿಪಿಬಿ ಅಫ್ಲಟಾಕ್ಸಿನ್ ಇತ್ತು ಅನ್ನೋದು ತಿಳಿದದ್ದು ಆಮೇಲೆ. ಆ ಮಕ್ಕಳ ಲಿವರ್‌ನಲ್ಲಿ ಸಿರೋಸಿಸ್ ಕಾಣಿಸಿತು. ಅಮ್ಲಾ ಮತ್ತು ಸಂಗಡಿಗರು ಅದನ್ನು ಮುಚ್ಚಿಡದೆ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಳ್ಳೆಯದು ಮಾಡಲು ಹೋದವರು ಆದದ್ದನ್ನು ಆದ ಹಾಗೇ ಬರೆದಿಟ್ಟರಲ್ಲ, ಅದು ದೊಡ್ಡದು ಅಂತ ನನಗನಿಸುತ್ತೆ.

*

ಇದಾದ ಮೂರು ವರ್ಷಕ್ಕೆ, 1974ರ ಕೊನೆಯಲ್ಲಿ, ರಾಜಸ್ಥಾನದ ಬಾನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಒಂದು ಕಾಮಾಲೆ ಹಬ್ಬಿತು. ಹೊಟ್ಟೆಯಲ್ಲಿ ನೀರು ತುಂಬೋದು, ಕಾಲು ಊದೋದು, ಸಾವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ್ ಭಟ್ ಮತ್ತು ಸಂಗಡಿಗರು ಅಲ್ಲಿಗೆ ಹೋದರು. 200ಕ್ಕೂ ಹೆಚ್ಚು ಹಳ್ಳಿ, 397 ರೋಗಿಗಳು, 106 ಸಾವು. ಸಾಂಕ್ರಾಮಿಕ ಕಾಮಾಲೆ ಅಂತ ತಳ್ಳಿಹಾಕಬಹುದಿತ್ತು. ಆದರೆ ಒಂದು ಸಂಗತಿ ಅದಕ್ಕೆ ಅಡ್ಡ ಬಂತು. ಆ ಮನೆಗಳ ನಾಯಿಗಳಿಗೂ ಕಾಮಾಲೆ ಬಂದಿತ್ತು, ಅವುಗಳ ಹೊಟ್ಟೆಯಲ್ಲೂ ನೀರು ತುಂಬಿತ್ತು. ಮನುಷ್ಯರ ಕಾಮಾಲೆ ನಾಯಿಗಂತೂ ಅಂಟಲ್ಲ. ನಾಯಿಗೂ ಮನೆಯವರಿಗೂ ಸಮಾನವಾಗಿದ್ದದ್ದು ಒಂದೇ: ಮೆಕ್ಕೆಜೋಳದ ರೊಟ್ಟಿ.

ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ಜೋಳಕ್ಕೆ ಬೂಸ್ಟು ಹಿಡಿದಿತ್ತು. ಬೇರೆ ಕಾಳಿಲ್ಲ, ಅದನ್ನೇ ತಿಂದರು. ಒಬ್ಬೊಬ್ಬರೂ ದಿನಕ್ಕೆ 2ರಿಂದ 6 ಮಿಲಿಗ್ರಾಂ ಅಫ್ಲಟಾಕ್ಸಿನ್ ತಿಂದಿರಬಹುದು ಅಂತ ಲೆಕ್ಕ ಹಾಕಿದರು. ಇದೇ ರೀತಿ 2004ರಲ್ಲಿ ಕೀನ್ಯಾದಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು 125 ಜನ ಸತ್ತರು.

ಈ ಇಡೀ ಚರಿತ್ರೆಯಲ್ಲಿ ಸತ್ಯ ಹೊರಗೆ ಬಂದದ್ದು ಪ್ರಾಣಿಗಳ ಮೂಲಕ ಅನ್ನೋದನ್ನ ಗಮನಿಸಿ. ಟರ್ಕಿ, ಬಾತುಕೋಳಿ, ಮೀನು, ನಾಯಿ. ಮುಂದೆ ಇಟ್ಟದ್ದನ್ನು ತಿಂದವು, ಅಷ್ಟೇ.

*

ಈಗ ಸ್ವಲ್ಪ ಕೆಮಿಸ್ಟ್ರಿ. ಎರಡೇ ನಿಮಿಷ, ಓಡಿಹೋಗಬೇಡಿ.

ಅಫ್ಲಟಾಕ್ಸಿನ್ ಬಿ1 ಮೇವಿನಲ್ಲಿ ಇರುವ ರೂಪದಲ್ಲಿ ಅಷ್ಟು ಕೆಟ್ಟದ್ದಲ್ಲ. ಅದನ್ನು ಕೆಟ್ಟದ್ದು ಮಾಡೋದು ನಮ್ಮ ಲಿವರ್ರೇ! ಲಿವರ್‌ನಲ್ಲಿ ಸೈಟೋಕ್ರೋಮ್ ಪಿ450 ಅನ್ನೋ ಕಿಣ್ವಗಳ ಗುಂಪಿದೆ. ಹೊರಗಿನಿಂದ ಬಂದ ಯಾವ ವಸ್ತುವಿಗಾದರೂ ಆಮ್ಲಜನಕ ಸೇರಿಸಿ, ನೀರಿನಲ್ಲಿ ಕರಗೋ ಹಾಗೆ ಮಾಡಿ ಹೊರಹಾಕೋದು ಅವುಗಳ ಕೆಲಸ. ಬಿ1ಗೂ ಹಾಗೇ ಆಮ್ಲಜನಕ ಸೇರಿಸುತ್ತವೆ. ಆಗ ಅದು ಎಪಾಕ್ಸೈಡ್ ಅನ್ನೋ ಉಗ್ರರೂಪ ತಾಳಿ ನೇರವಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತೆ. ಭಸ್ಮಾಸುರನಿಗೆ ವರ ಕೊಟ್ಟ ಹಾಗೆ. ಜೊತೆಗೆ ಜೀವಕೋಶದ ಕೊಬ್ಬಿನ ಪೊರೆಗಳು ಕಮಟು ಹಿಡಿಯೋಕೆ ಶುರುವಾಗುತ್ತೆ. ಹಳೇ ಎಣ್ಣೆ ಕಮಟಾಗುತ್ತಲ್ಲ, ಅದೇ ಪ್ರಕ್ರಿಯೆ, ಲಿವರ್ ಒಳಗೆ.

ಈ ಎಪಾಕ್ಸೈಡನ್ನು ಹಿಡಿದು ಕಟ್ಟಿಹಾಕೋಕೆ ದೇಹದಲ್ಲಿ ಒಂದು ವ್ಯವಸ್ಥೆ ಇದೆ. ಗ್ಲುಟಾಥಯೋನ್ ಅನ್ನೋ ಪುಟ್ಟ ಅಣು, ಅದನ್ನು ವಿಷಕ್ಕೆ ಅಂಟಿಸೋ ಒಂದು ಕಿಣ್ವ. ಅಂಟಿದ ಮೇಲೆ ವಿಷ ಪಿತ್ತರಸದಲ್ಲಿ ಹೊರಗೆ ಹೋಗುತ್ತೆ. ಒಂದು ಕಡೆ ವಿಷ ತಯಾರಾಗೋ ವೇಗ, ಇನ್ನೊಂದು ಕಡೆ ಕಟ್ಟಿಹಾಕೋ ವೇಗ. ಯಾವುದು ಗೆಲ್ಲುತ್ತೋ ಅದರ ಮೇಲೆ ಪ್ರಾಣಿಯ ಹಣೆಬರಹ.

ಮೇವಿನಲ್ಲಿ ಆಂಟಿ-ಆಕ್ಸಿಡೆಂಟ್ ಕೊಟ್ಟು ಈ ತಕ್ಕಡಿಯನ್ನು ವಾಲಿಸಬಹುದಾ ಅನ್ನೋ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಅದಕ್ಕೆ ಬೇಕಾದ ಸಾಮಾನು ಮೊದಲೇ ತಯಾರಿತ್ತು. 1922ರಲ್ಲಿ ಕ್ಯಾಲಿಫೋರ್ನಿಯಾದ ಇವಾನ್ಸ್ ಮತ್ತು ಬಿಷಪ್ ವಿಟಮಿನ್ ಇ ಪತ್ತೆ ಮಾಡಿದ್ದರು. ಪೊರೆಗಳು ಕಮಟಾಗದಂತೆ ತಡೆಯೋದು ಅದೇ ಅಂತ ಆಮೇಲೆ ತಿಳಿಯಿತು.

ಸೆಲೆನಿಯಮ್‌ನ ಕಥೆ ಇನ್ನೂ ಸ್ವಾರಸ್ಯ. ಅದು ಮೊದಲು ಖ್ಯಾತಿ ಪಡೆದದ್ದೇ ವಿಷ ಅಂತ! 1930ರ ದಶಕದಲ್ಲಿ ಅಮೆರಿಕದ ದಕ್ಷಿಣ ಡಕೋಟದಲ್ಲಿ ದನ ಕುದುರೆಗಳ ಗೊರಸು ಕಳಚುತ್ತಿದ್ದದ್ದು, ಕೂದಲು ಉದುರುತ್ತಿದ್ದದ್ದು ಮಣ್ಣಿನಲ್ಲಿದ್ದ ಹೆಚ್ಚುವರಿ ಸೆಲೆನಿಯಮ್‌ನಿಂದ ಅಂತ ಗೊತ್ತಾಯ್ತು. 1943ರಲ್ಲಿ ಅದು ಇಲಿಗಳ ಲಿವರ್‌ನಲ್ಲಿ ಗೆಡ್ಡೆ ತರುತ್ತೆ ಅಂತಲೂ ಒಂದು ವರದಿ ಬಂತು. ಹೀಗೆ ಹೆಸರು ಕೆಡಿಸಿಕೊಂಡಿದ್ದ ವಸ್ತುವನ್ನು 1957ರಲ್ಲಿ ಶ್ವಾರ್ಜ್ ಮತ್ತು ಫೋಲ್ಟ್ಸ್ ಉಲ್ಟಾ ಮಾಡಿದರು. ಅತಿ ಸಣ್ಣ ಪ್ರಮಾಣದಲ್ಲಿ ಅದು ಇಲಿಗಳ ಲಿವರ್ ಕೊಳೆಯದಂತೆ ಕಾಪಾಡುತ್ತೆ ಅಂತ ತೋರಿಸಿದರು. 1973ರಲ್ಲಿ ಕಾರಣವೂ ಸಿಕ್ಕಿತು. ಪೆರಾಕ್ಸೈಡುಗಳನ್ನು ನಾಶ ಮಾಡೋ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನೋ ಕಿಣ್ವದ ಒಳಗೇ ಸೆಲೆನಿಯಮ್ ಕೂತಿತ್ತು. 1974ರಲ್ಲಿ ಅಮೆರಿಕ ಸರ್ಕಾರ ಕೋಳಿ, ಟರ್ಕಿ, ಹಂದಿಗಳ ಮೇವಿಗೆ ಅದನ್ನು ಸೇರಿಸೋಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ನ್ಯೂಬರ್ನ್ ಮತ್ತು ಕಾನರ್ ಅನ್ನೋರು ಮೇವಿನಲ್ಲಿ ಸ್ವಲ್ಪ ಸೆಲೆನಿಯಮ್ ಇದ್ದರೆ ಇಲಿಗಳು ಅಫ್ಲಟಾಕ್ಸಿನ್ ಏಟನ್ನು ಹೆಚ್ಚು ತಡೆದುಕೊಳ್ಳುತ್ತವೆ ಅಂತ ತೋರಿಸಿದರು. ಸ್ವಲ್ಪ ಅನ್ನೋ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ಜಾಸ್ತಿಯಾದರೆ ಅದೇ ಇನ್ನೊಂದು ವಿಷ.

ಆಮೇಲೆ ಬಂದದ್ದು ಎಥಾಕ್ಸಿಕ್ವಿನ್. ಮೇವಿನಲ್ಲಿರೋ ಕೊಬ್ಬು ಕಮಟಾಗದಿರಲಿ ಅಂತ 1950ರ ದಶಕದಿಂದ ಬಳಸುತ್ತಿದ್ದ ರಾಸಾಯನಿಕ. ಅಂದ್ರೆ ಅದರ ಉದ್ಯೋಗ ಮೂಟೆಯೊಳಗೆ, ಪ್ರಾಣಿಯೊಳಗಲ್ಲ. 1983ರಲ್ಲಿ ಇಂಗ್ಲೆಂಡಿನ ಕಬ್ರಾಲ್ ಮತ್ತು ನೀಲ್ ಅದನ್ನು ಇಲಿಗಳಿಗೆ ಮೇವಿನಲ್ಲಿ ಕೊಟ್ಟು ಅಫ್ಲಟಾಕ್ಸಿನ್ ಕ್ಯಾನ್ಸರನ್ನು ತಡೆಯಬಹುದು ಅಂತ ತೋರಿಸಿದರು. ಎಲ್ಲರೂ ಅಂದುಕೊಂಡದ್ದು, ಆಂಟಿ-ಆಕ್ಸಿಡೆಂಟ್ ಅಲ್ವಾ, ಹೋಗಿ ವಿಷದ ಜೊತೆ ಕುಸ್ತಿ ಮಾಡಿರುತ್ತೆ ಅಂತ. 1991ರಲ್ಲಿ ಹೇಯ್ಸ್, ಜೂಡಾ, ನೀಲ್ ಮೊದಲಾದವರು ನೋಡಿದಾಗ ಕಥೆ ಬೇರೇನೇ ಇತ್ತು. ಎಥಾಕ್ಸಿಕ್ವಿನ್ ತಿಂದ ಇಲಿಯ ಲಿವರ್‌ನಲ್ಲಿ ಗ್ಲುಟಾಥಯೋನ್ ಅಂಟಿಸುವ ಒಂದು ಹೊಸ ಬಗೆಯ ಕಿಣ್ವ ತಯಾರಾಗುತ್ತಿತ್ತು. ಆ ಕಿಣ್ವದ ಜೀನು ಇಲಿಯಲ್ಲಿ ಮೊದಲಿನಿಂದಲೂ ಇತ್ತು, ಮಲಗಿತ್ತು, ಅಷ್ಟೇ. ಈ ರಾಸಾಯನಿಕ ಬಂದು ತಟ್ಟಿ ಎಬ್ಬಿಸಿತ್ತು! (ಹಾಗೆ ತಟ್ಟಿ ಎಬ್ಬಿಸುವ ಎನ್‌ಆರ್‌ಎಫ್2 ಅನ್ನೋ ಸ್ವಿಚ್ಚಿನ ವಿವರಗಳು 1990ರ ದಶಕದ ಕೊನೆಯಲ್ಲಿ ಜಪಾನಿನ ಯಮಾಮೊಟೊ ಮತ್ತು ಸಂಗಡಿಗರ ಕೆಲಸದಿಂದ ತಿಳಿದವು.)

ಇಲಿಯಲ್ಲಿ ಮಲಗಿರೋ ಈ ಬಗೆಯ ಕಿಣ್ವ ಚಿಟ್ಟಿಲಿಯಲ್ಲಿ ಸದಾ ಎಚ್ಚರವಾಗಿರುತ್ತೆ. ಅದಕ್ಕೇ ಚಿಟ್ಟಿಲಿಗೆ ಅಫ್ಲಟಾಕ್ಸಿನ್ ಅಷ್ಟಾಗಿ ತಟ್ಟಲ್ಲ.

*

ಹಾಗಾದರೆ ಟರ್ಕಿ? ಅದೇ ಯಾಕೆ ಲಕ್ಷಗಟ್ಟಲೆ ಸತ್ತಿತು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಲವತ್ತು ವರ್ಷಗಳ ನಂತರ. ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ರೋಜರ್ ಕೂಲಂಬ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಕಾರ ಸಾಕು ಟರ್ಕಿಯ ಲಿವರ್ ಎರಡು ಕಡೆಯಿಂದಲೂ ಸೋತಿದೆ. ವಿಷವನ್ನು ಎಪಾಕ್ಸೈಡ್ ಮಾಡೋ ಕೆಲಸ ಬಹಳ ಚುರುಕು. ಅದನ್ನು ಕಟ್ಟಿಹಾಕೋ ಕಿಣ್ವ ಆ ಕೆಲಸವನ್ನೇ ಮಾಡಲ್ಲ. ಇಂಥಾ ಟರ್ಕಿಗಳಿಗೂ ಬಿಎಚ್‌ಟಿ ಅನ್ನೋ ಆಂಟಿ-ಆಕ್ಸಿಡೆಂಟನ್ನು (ಬಿಸ್ಕತ್ತು, ಚಿಪ್ಸು ಪೊಟ್ಟಣದ ಹಿಂಬದಿಯಲ್ಲಿ ಕಾಣೋ ಹೆಸರು) ಮೇವಿನಲ್ಲಿ ಕೊಟ್ಟು ಅವರು ಕಾಪಾಡಿದರು. ಆದರೆ ಇಲಿಯಲ್ಲಿ ಆದ ಹಾಗೆ ಕಾವಲುಗಾರನನ್ನು ಎಬ್ಬಿಸಿ ಅಲ್ಲ. ಎಬ್ಬಿಸೋಕೆ ಅಲ್ಲಿ ಕಾವಲುಗಾರನೇ ಇಲ್ಲವಲ್ಲ! ಬಿಎಚ್‌ಟಿ ವಿಷ ತಯಾರಾಗೋ ಪಿ450 ದಾರಿಗೇ ಅಡ್ಡ ಹಾಕಿತ್ತು. ಅದಕ್ಕೆ ಬೇಕಾದ ಪ್ರಮಾಣವೂ ಬಹಳ ಜಾಸ್ತಿ, ಫಾರಂನಲ್ಲಿ ದಿನಾ ಹಾಕೋ ಅಂಥದ್ದಲ್ಲ.

2013ರಲ್ಲಿ ಅದೇ ತಂಡ ಕಾಡು ಟರ್ಕಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಆ ಕಿಣ್ವ ಕೆಲಸ ಮಾಡ್ತಾ ಇತ್ತು! ಕಾಡಿನ ಟರ್ಕಿಗೆ ಇರೋ ರಕ್ಷಣೆ ಸಾಕು ಟರ್ಕಿಗೆ ಇಲ್ಲ. ದಪ್ಪ ಎದೆ, ಬೇಗ ತೂಕ ಅಂತ ತಲೆಮಾರುಗಟ್ಟಲೆ ಆರಿಸಿ ಬೆಳೆಸುವ ದಾರಿಯಲ್ಲಿ ಎಲ್ಲೋ ಅದು ಕಳೆದುಹೋಗಿದೆ. ಕಳೆದದ್ದು ಯಾರಿಗೂ ಗೊತ್ತಾಗಲಿಲ್ಲ, ರೊಸೆಟ್ಟಿ ಹಡಗು ಬರೋವರೆಗೆ. 1960ರ ಸಾವುಗಳಿಗೆ ಬೂಸ್ಟು ಎಷ್ಟು ಕಾರಣವೋ ನಾವು ಮಾಡಿಕೊಂಡ ಕೋಳಿಯೂ ಅಷ್ಟೇ ಕಾರಣ ಅನ್ನಿಸಿ ನನಗೆ ಕಸಿವಿಸಿ ಆಯ್ತು.

*

ಇನ್ನು ಅರಿಶಿನ. (ಕೊನೆಗೂ ಬಂತು ಅಂದ್ರಾ?)

1992ರಲ್ಲಿ ಕೇರಳದ ಸೋನಿ, ರಾಜನ್ ಮತ್ತು ಕುಟ್ಟನ್ ಅನ್ನೋರು ಬಾತುಕೋಳಿ ಮರಿಗಳಿಗೆ ಅಫ್ಲಟಾಕ್ಸಿನ್ ಕೊಟ್ಟು, ಜೊತೆಗೆ ಅರಿಶಿನವನ್ನೂ ಅದರ ಹಳದಿ ಸತ್ವ ಕರ್ಕ್ಯುಮಿನ್ನನ್ನೂ ಕೊಟ್ಟು ನೋಡಿದರು. ಲಿವರ್‌ಗೆ ಆದ ಹಾನಿ, ಪಿತ್ತನಾಳದ ಆ ಹುಚ್ಚು ಬೆಳವಣಿಗೆ, ಎರಡೂ ಗಣನೀಯವಾಗಿ ಇಳಿದವು. 1960ರ ದಶಕದಲ್ಲಿ ವಿಷ ಅಳೆಯೋಕೆ ಬಳಸಿದ ಅದೇ ಬಾತುಕೋಳಿ ಮರಿ ಈಗ ಮದ್ದು ಅಳೆಯೋಕೆ ಬಂದಿತ್ತು.

ಆಮೇಲಿನದು ನಮ್ಮೂರಿನದೇ ಕಥೆ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ಎನ್.ಕೆ.ಎಸ್. ಗೌಡ ಅವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಲೆಡೂ, ರಾಟಿಂಗ್‌ಹೌಸ್ ಮೊದಲಾದವರ ಜೊತೆ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಯ್ತು. ಬ್ರಾಯ್ಲರ್ ಮರಿಗಳ ಮೇವಿಗೆ ಕಿಲೋಗೆ 1 ಮಿಲಿಗ್ರಾಂ ಅಫ್ಲಟಾಕ್ಸಿನ್ ಬಿ1. ಒಂದು ಗುಂಪಿಗೆ ಜೊತೆಯಲ್ಲಿ 0.5% ಅರಿಶಿನ ಪುಡಿ, ಇನ್ನೊಂದಕ್ಕೆ ವಿಷ ಹೀರುವ ಒಂದು ಬಗೆಯ ಜೇಡಿಮಣ್ಣು, ಮತ್ತೊಂದಕ್ಕೆ ಎರಡೂ. ಬರೀ ವಿಷ ತಿಂದ ಮರಿಗಳ ಬೆಳವಣಿಗೆ ಕುಂಠಿತವಾಯ್ತು, ಲಿವರ್ ಊದಿತು, ಮೈಯಲ್ಲಿನ ಆಂಟಿ-ಆಕ್ಸಿಡೆಂಟ್ ಶಕ್ತಿ ಕುಸಿಯಿತು. ಅರಿಶಿನ ತಿಂದವು ಸುಧಾರಿಸಿದವು. ಅರಿಶಿನದ ಜೊತೆ ಜೇಡಿಮಣ್ಣೂ ಇದ್ದಾಗ ಫಲ ಇನ್ನೂ ಚೆನ್ನಾಗಿತ್ತು. ಇದು ಸಹಜ. ಮಣ್ಣು ಕರುಳಿನಲ್ಲೇ ವಿಷವನ್ನು ಹಿಡಿದುಕೊಳ್ಳುತ್ತೆ, ತಪ್ಪಿಸಿಕೊಂಡು ಲಿವರ್‌ಗೆ ಹೋದದ್ದನ್ನು ಅರಿಶಿನ ನೋಡಿಕೊಳ್ಳುತ್ತೆ. 2009ರಲ್ಲಿ ಇದೇ ಗುಂಪಿನ ಇನ್ನೊಂದು ವರದಿ ಜೀನುಗಳ ಮಟ್ಟದಲ್ಲಿ ಅರಿಶಿನ ಏನು ಮಾಡುತ್ತೆ ಅಂತ ತೋರಿಸಿತು. ಮತ್ತೆ ಅದೇ ಎರಡು ಕೆಲಸ: ವಿಷ ತಯಾರಿಸೋ ಕಿಣ್ವಕ್ಕೆ ಕಡಿವಾಣ, ಕಟ್ಟಿಹಾಕೋ ಕಿಣ್ವಕ್ಕೆ ಬೆಂಬಲ.

ಇಲ್ಲಿಗೆ ನಿಲ್ಲಿಸಿ "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ಮುಗಿಸಿದರೆ ಪೋಸ್ಟು ಫಾರ್ವರ್ಡ್ ಆಗುತ್ತೆ, ಗೊತ್ತು. ಆದರೆ ಹಾಗೆ ಮುಗಿಸೋಕೆ ಮನಸ್ಸು ಬರ್ತಿಲ್ಲ. ಹಿರಿಯರು ಅಡುಗೆಗೆ, ಗಾಯಕ್ಕೆ ಅರಿಶಿನ ಹಾಕಿದರು ನಿಜ. ಬೂಸ್ಟಿನ ಹಿಂಡಿಯನ್ನು ಹಸುವಿಗೆ ಹಾಕಿದ್ದೂ ಅವರೇ. ಎರಡೂ ಅಷ್ಟೇ ನಿಜ.

ಈ ಆಂಟಿ-ಆಕ್ಸಿಡೆಂಟ್‌ಗಳು ಮಾಡೋದು ಏಟಿನ ಜೋರು ಕಡಿಮೆ ಮಾಡೋದು. ಏಟೇ ಬೀಳದ ಹಾಗೆ ಅಲ್ಲ. ಯಾವ ಪ್ರಯೋಗದಲ್ಲೂ ವಿಷ ತಿಂದು ಅರಿಶಿನ ತಿಂದ ಮರಿ, ವಿಷವನ್ನೇ ತಿನ್ನದ ಮರಿಗಿಂತ ಚೆನ್ನಾಗಿ ಇದೆ ಅಂತ ನಂಬಿಕೊಳ್ಳೋಕೆ ಹೋಗಬೇಡಿ. ಎಥಾಕ್ಸಿಕ್ವಿನ್ ಗತಿ ನೋಡಿ. ಅದರ ಸುರಕ್ಷತೆಯ ಬಗ್ಗೆಯೇ ಪ್ರಶ್ನೆಗಳೆದ್ದು 2017ರಲ್ಲಿ ಐರೋಪ್ಯ ಒಕ್ಕೂಟ ಮೇವಿನಲ್ಲಿ ಅದರ ಬಳಕೆಗೆ ಕೊಟ್ಟಿದ್ದ ಅನುಮತಿಯನ್ನು ತಡೆಹಿಡಿಯಿತು. ಸೆಲೆನಿಯಮ್ ತಪ್ಪಿದರೆ ವಿಷ. ಜೇಡಿಮಣ್ಣು ಅಫ್ಲಟಾಕ್ಸಿನ್‌ಗೆ ಅಂಟಿದ ಹಾಗೆ ಬೇರೆ ಎಲ್ಲಾ ಬೂಸ್ಟು ವಿಷಗಳಿಗೂ ಅಂಟಲ್ಲ. ಮತ್ತೆ ಮುಖ್ಯವಾದದ್ದು: ಅರಿಶಿನವೋ ಸೆಲೆನಿಯಮ್ಮೋ ಹಸುವಿನ ಲಿವರನ್ನು ಕಾಪಾಡಿತು ಅಂತಲೇ ಇಟ್ಟುಕೊಳ್ಳಿ. ಹಸು ಆರೋಗ್ಯವಾಗಿ ಕಾಣುತ್ತೆ, ಹಾಲು ಕರೆಯುತ್ತೆ. ಆ ಹಾಲಿನಲ್ಲಿ ಎಂ1 ಇಲ್ಲ ಅಂತ ಅರ್ಥವೇ?

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಹಾಲಿನ ಸಮೀಕ್ಷೆ ಮಾಡಿತು. 6,432 ಮಾದರಿಗಳಲ್ಲಿ 368ರಲ್ಲಿ, ಅಂದ್ರೆ 5.7% ಹಾಲಿನಲ್ಲಿ, ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿತ್ತು. ಹಾಲಿಗೆ ಯೂರಿಯಾ ಹಾಕ್ತಾರೆ, ಡಿಟರ್ಜೆಂಟ್ ಹಾಕ್ತಾರೆ ಅಂತ ನಾವೆಲ್ಲ ಗಾಬರಿಯಾಗಿದ್ದಾಗ, ದೊಡ್ಡ ತೊಂದರೆ ಅಂತ ಸಿಕ್ಕಿದ್ದರಲ್ಲಿ ಒಂದು ಯಾರೂ ಬೇಕಂತ ಹಾಕದ ಈ ವಸ್ತು. ಅದು ಬಂದದ್ದು ಮೇವಿನಿಂದ.

ನಿಜವಾದ ಕೆಲಸ ಇರೋದು ಹೊಲದಲ್ಲಿ, ಕಣದಲ್ಲಿ, ಅಟ್ಟದ ಮೇಲೆ. ಕೊನೆಗಾಲದಲ್ಲಿ ಮಳೆ ಕೈಕೊಟ್ಟರೆ ಕಡಲೆಕಾಯಿಗೆ ನೆಲದೊಳಗೇ ಬೂಸ್ಟು ಹತ್ತುತ್ತೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ, ಬೀಜದ ತೇವ 8%ಗಿಂತ ಕೆಳಗೆ ಇಳಿಯದಿದ್ದರೆ, ಮೂಟೆಯೊಳಗೆ ಹಬ್ಬುತ್ತೆ. ಆರಿಸಿ ತೆಗೆದ ಕೆಟ್ಟ ಬೀಜ ಹಿಂಡಿಗೆ ಹೋದರೆ ಆ ವಿಷ ಎಣ್ಣೆಗಿಂತ ಹೆಚ್ಚಾಗಿ ಹಿಂಡಿಯಲ್ಲೇ ಉಳಿಯುತ್ತೆ. ಅಂದ್ರೆ ಆರಿಸಿದ್ದರ ಪುಣ್ಯ ನಮಗೆ, ಪಾಪ ದನಕ್ಕೆ, ದನದಿಂದ ಮತ್ತೆ ನಮಗೇ.

ಆದರೂ ಈ ಸಂಶೋಧನೆಗಳು ವ್ಯರ್ಥ ಅಂತ ನಾನು ಹೇಳ್ತಿಲ್ಲ. ಪಾವಗಡದ ಕಡೆ ಆಗಾಗ ಮಳೆ ಕೈಕೊಡುತ್ತೆ. ಇದ್ದ ಹಿಂಡಿ ಎಸೆದು ಬೇರೆ ತಗೊಳ್ಳಿ ಅಂತ ಎರಡು ಹಸು ಇಟ್ಟುಕೊಂಡಿರೋ ಹೆಂಗಸಿಗೆ ಇಲ್ಲಿ ಕೂತು ಹೇಳೋಕೆ ನಾನ್ಯಾರು? ಬಾನ್ಸ್‌ವಾಡಾದವರಿಗೂ ಜೋಳ ಕೆಟ್ಟಿದೆ ಅನ್ನೋದು ಕಣ್ಣಿಗೆ ಕಾಣ್ತಿತ್ತು, ಬೇರೆ ಇರಲಿಲ್ಲ. ಅಂಥಾ ಕಡೆ ಮೇವಿಗೆ ಒಂದು ಹಿಡಿ ಅರಿಶಿನ, ಒಂದಿಷ್ಟು ಮಣ್ಣು, ಚಿಟಿಕೆ ಖನಿಜ ಮಿಶ್ರಣ ಸೇರಿಸಿದರೆ ಒಂದಷ್ಟು ಜೀವ ಉಳಿಯುತ್ತೆ ಅಂದ್ರೆ ಅದು ದೊಡ್ಡ ಮಾತೇ.

ಆದರೆ ಅದು ಕಷ್ಟಕಾಲದ ಆಸರೆ. ಕೆಟ್ಟ ಮೇವನ್ನು ಧೈರ್ಯವಾಗಿ ಮಾರೋಕೆ ಸಿಕ್ಕ ಪರವಾನಗಿ ಆಗಬಾರದು. ಹಾಗಾದ ದಿನ ಅರಿಶಿನವೂ ನಮ್ಮಜ್ಜಿಯ ಬೆಲ್ಲವೂ ಒಂದೇ.

ಆ ಹಸು ಅವತ್ತು ಮೂತಿ ತಿರುಗಿಸಿತ್ತಲ್ಲ, ಅದು ಹೇಳಬೇಕಾದದ್ದನ್ನ ಹೇಳಿತ್ತು. ಅಜ್ಜಿಗೆ ಗೊತ್ತಾಗಲಿಲ್ಲ, ಗೊತ್ತಿದ್ದರೆ ಖಂಡಿತ ಹಾಕ್ತಿರಲಿಲ್ಲ. ತಿಪ್ಪೆಗೆ ಸುರಿದು ಬರ್ತಿದ್ದಳು, ಬೈಕೊಂಡೇ ಆದರೂ. ನಮಗೆ ಈಗ ಗೊತ್ತಿದೆ.

ನಿಮ್ಮ ಮನೆ ಕಡೆ ಬೂಸ್ಟು ಹಿಡಿದ ಕಾಳು, ಹಿಂಡಿ ಏನು ಮಾಡ್ತಿದ್ದರು? ನೆನಪಿದ್ದರೆ ಬರೀರಿ. ಹಾಂ, ಕಡಲೆಕಾಯಿ ತಿನ್ನುವಾಗ ಕಹಿ ಬೀಜ ಸಿಕ್ಕರೆ ನಾಚಿಕೆ ಪಡದೆ ಉಗಿದುಬಿಡಿ. ಯಾರ ಮನೆಯಲ್ಲಿ ಕೂತಿದ್ದರೂ ಸರಿ!